ತೊಪ್ಪೂರಿನ ದಂಡಿನ ಬೀಡು

ಕರ್ಣಾಟ ಸಾಮ್ರಾಜ್ಯದ ಅಂತಃಕಲಹದ ಒಂದು ಪ್ರಕರಣ

ರಾಜ್ಯಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ರಾಜಧಾನಿಗಳನ್ನೂ ಕೋಟೆಕೊತ್ತಳಗಳನ್ನೂ ದೇವಾಲಯಗಳನ್ನೂ ಅನುಸರಿಸಿ ಬರೆಯುವರು. ಕಲ್ಲು ನಿಂತಿರುವಲ್ಲಿ ಚರಿತ್ರೆಯೂ ನಿಲ್ಲುವುದು ಸಹಜವೇ ಸರಿ. ಆದರೆ ಕಲ್ಲೂ ಇಲ್ಲದ, ಶಾಸನವೂ ಕಾಣದ, ದಾರಿಯ ಮಗ್ಗುಲಿನ ಬರಿಯ ಬಯಲಿನಲ್ಲಿ ಒಂದು ಸಾಮ್ರಾಜ್ಯದ ಗತಿಯು ನಿರ್ಣಯವಾಗುವುದೂ ಉಂಟು. ದಂಡು ಬಂದು ಇಳಿದಾಗ ಬಯಲು ಪಟ್ಟಣವಾಗುವುದು. ದಂಡು ಎದ್ದುಹೋದಾಗ ಪಟ್ಟಣವು ಮತ್ತೆ ಬಯಲಾಗುವುದು. ವಿದ್ಯಾರಣ್ಯರ ಕಾಲದಿಂದ ಬೆಳೆದು ಬಂದ ಕರ್ಣಾಟ ಸಾಮ್ರಾಜ್ಯವು ತನ್ನ ಕಡೆಯ ಬಲವನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡ ತೊಪ್ಪೂರು ಅಂತಹ ಒಂದು ಸ್ಥಳ. ರಕ್ಕಸಗಿ-ತಂಗಡಗಿಯ ಹೆಸರನ್ನು ಅರಿಯದ ಕನ್ನಡಿಗನಿಲ್ಲ. ತೊಪ್ಪೂರಿನ ಹೆಸರನ್ನು ಕೇಳಿರುವವರಾದರೋ ವಿರಳ. ಮೊದಲನೆಯ ಕಡೆಯಲ್ಲಿ ಹೊರಗಿನವರು ಬಂದು ಹೊಡೆದರು; ಎರಡನೆಯ ಕಡೆಯಲ್ಲಿ ಒಳಗಿನವರೇ ಕೈಯೆತ್ತಿದರು. ಎರಡರಲ್ಲಿ ಯಾವುದು ಹೆಚ್ಚಿನ ಕೇಡೆಂಬುದನ್ನು ವಿಚಾರಮಾಡುವುದು ಉಚಿತವಾಗಿದೆ.

ಸ್ಥಳವರ್ಣನೆ

ಬೆಂಗಳೂರಿನಿಂದ ಸೇಲಮಿಗೆ ಹೋಗುವ ದಾರಿಯಲ್ಲಿ, ಧರ್ಮಪುರಿಯ ಆಚೆ, ತೊಪ್ಪೂರೆಂಬ ಕಣಿವೆಯೊಂದುಂಟು. ಇಲ್ಲಿ ಹೇಳುವ ತೊಪ್ಪೂರು ಅದಲ್ಲ. ಇದು ತಿರುಚಿರಾಪಳ್ಳಿಗೂ ಕಲ್ಲಣೆಗೂ ನಡುವೆ, ಕಾವೇರೀ ತೀರದಲ್ಲಿರುವ ಬಯಲು. ತಿರುಚಿರಾಪಳ್ಳಿಯಿಂದ ಮೂಡಲಿಗೆ ಹೊರಟವನು ಒಂದು ಹಗಲಿನ ನಡಿಗೆಯೊಳಗಾಗಿ ಕಲ್ಲಣೆಯನ್ನು ಸೇರಬಹುದು. ಅಲ್ಲಿಂದ ಮುಂದಕ್ಕೆ ದಾರಿಯು ತಿರುವಯ್ಯಾರು, ಕುಂಭಕೋಣಗಳ ಕಡೆಗೆ ನಡೆಯುವುದು. ಕನ್ನಡನಾಡಿನಿಂದ ಜಂಬುಕೇಶ್ವರದ ಜಲಲಿಂಗದರ್ಶನಕ್ಕೂ ಕುಂಭಕೋಣ ಚಿದಂಬರಗಳಿಗೂ ಹೋಗುವ ಯಾತ್ರಿಕರಿಗೆ ಈ ಸೀಮೆಯು ಅಪರಿಚಿತವಲ್ಲ. ಬಾಳೆಯ ತೋಟಗಳನ್ನೂ ಬತ್ತದ ಗದ್ದೆಗಳನ್ನೂ ನೋಡುತ್ತ ಅವರು ಮುಂದೆ ಸಾಗುವರು. ಇಲ್ಲಿ ಇಳಿದು ಕೇಳಬೇಕಾದುದು ಏನಾದರೂ ಉಂಟೆಂದು ಯಾರಿಗೂ ತೋರುವುದಿಲ್ಲ.

ಈ ಪ್ರದೇಶದ ಮಹತ್ವವನ್ನು ತಿಳಿಯಬೇಕಾದರೆ ನದಿಯ ನಡೆಯನ್ನು ತಿಳಿಯಬೇಕು. ಕೊಡಗಿನಲ್ಲಿ ಹುಟ್ಟಿ, ಶ್ರೀರಂಗಪಟ್ಟಣವನ್ನು ಬಳಸಿ, ಶಿವನಸಮುದ್ರದಲ್ಲಿ ಧುಮುಕಿ ಬರುವ ಕಾವೇರಿಯು ತಿರುಚಿರಾಪಳ್ಳಿಗೆ ಪಡುವಲಲ್ಲಿ ಎರಡು ಕವಲಾಗುವಳು. ಬಡಗಣ ಕವಲಿಗೆ ಕೊಳ್ಳಿಡವೆಂದು ಹೆಸರು. ತೆಂಕಣ ಕವಲು ಕಾವೇರಿಯೆಂಬ ಹೆಸರನ್ನೇ ಉಳಿಸಿಕೊಂಡಿರುವುದು. ಎರಡರ ನಡುವಣ ದ್ವೀಪದಲ್ಲಿ ಶ್ರೀರಂಗವೂ ಜಂಬುಕೇಶ್ವರವೂ ಇವೆ. ದ್ವೀಪದ ಮೂಡಣ ತುದಿಯಲ್ಲಿ ಈ ಎರಡು ಕವಲುಗಳು ಮತ್ತೆ ಒಂದನ್ನೊಂದು ಸಮೀಪಿಸುವುವು. ಕೊಳ್ಳಿಡದ ಪಾತ್ರವು ತಗ್ಗಾದುದರಿಂದ ಕಾವೇರಿಯ ನೀರೆಲ್ಲ ಅತ್ತ ಇಳಿದುಹೋಗುವ ಸ್ವಭಾವವುಳ್ಳದ್ದು. ಹಾಗೆ ಇಳಿದುಹೋದರೆ ತಂಜಾವೂರು ಸೀಮೆಯ ಕಾಲುವೆಗಳು ಬತ್ತುವುವು. ಇದನ್ನು ತಡೆಯಲೆಂದು ಕಟ್ಟಿದುದೇ ಕಲ್ಲಣೆ. ಇದನ್ನು ಕಟ್ಟಿಸಿದವನು ಕರಿಕಾಲಚೋಳನೆಂದು ತಮಿಳುನಾಡಿನ ಪರಂಪರೆ ಹೇಳುವುದು. ಹೆಸರಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದುದೇ ಇಲ್ಲ. ಅದು ಕಲ್ಲಿನ ಅಣೆ. ತಂಜಾವೂರಿನ ಅನ್ನವು ಈ ಅಣೆಯ ಮೇಲೆ ನಿಂತಿರುವುದೆಂದರೆ ಅತಿಶಯೋಕ್ತಿಯಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಲಹಕಾರಣ

೧೫೬೫ರಲ್ಲಿ ಅಳಿಯ ರಾಮರಾಯನು ಮಡಿದ ತರುವಾಯ ಅವನ ತಮ್ಮನಾದ ತಿರುಮಲರಾಯನು ಪೆನುಗೊಂಡೆಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಇವನು ರಾಜ್ಯಭಾರವನ್ನು ಮೂವರು ಮಕ್ಕಳಿಗೆ ಹಂಚಿ, ಶ್ರೀರಂಗನನ್ನು ಪೆನುಗೊಂಡೆಯಲ್ಲಿಯೂ, ರಾಮನನ್ನು ಶ್ರೀರಂಗಪಟ್ಟಣದಲ್ಲಿಯೂ, ವೆಂಕಟಪತಿಯನ್ನು ಚಂದ್ರಗಿರಿಯಲ್ಲಿಯೂ ಇರಿಸಿದನು. ಶ್ರೀರಂಗನ ತರುವಾಯ ಪಟ್ಟಕ್ಕೆ ಬಂದ ವೆಂಕಟಪತಿದೇವರಾಯನು ಸುಮಾರು ಇಪ್ಪತ್ತೆಂಟು ವರ್ಷ ಆಳಿದನು. ಪೆನುಗೊಂಡೆಯನ್ನು ಮುತ್ತಿದ ಗೋಲ್ಕೊಂಡದವರನ್ನು ಹಿಮ್ಮೆಟ್ಟಿಸಿ, ತಿರುಗಿಬಿದ್ದ ನಾಯಕರನ್ನು ಅಡಗಿಸಿ, ಕುಸಿಯುತ್ತಿದ್ದ ಮನೆಗೆ ಊರೆಗಂಬವಾಗಿ ನಿಂತವನು ಇವನೇ. ಮೈಸೂರಿನ ರಾಜ ಒಡೆಯನು ೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ತೆಗೆದುಕೊಂಡಾಗಲೂ, ಆಗಿಹೋದುದನ್ನು ಒಪ್ಪಿ ಸನ್ನದು ಕೊಟ್ಟು ಆತನನ್ನು ತನ್ನ ಅಧೀನದಲ್ಲಿಯೇ ಉಳಿಸಿಕೊಂಡ ಜಾಣ್ಮೆ ಇವನದು.

ವೆಂಕಟಪತಿರಾಯನ ಕಡೆಗಾಲದ ರಾಜಧಾನಿ ವೇಲೂರು. ಅದು ಮೊದಲು ಚಿನ್ನಬೊಮ್ಮನಾಯಕನ ಸ್ಥಾನ. ಶ್ರೀಕಂಠಭಾಷ್ಯಕ್ಕೆ ಶಿವಾರ್ಕಮಣಿದೀಪಿಕೆಯನ್ನು ರಚಿಸಿದ ಅಪ್ಪಯ್ಯದೀಕ್ಷಿತರಿಗೆ ಕನಕಾಭಿಷೇಕ ಮಾಡಿಸಿದ ಪುಣ್ಯವಂತನೇ ಈ ಚಿನ್ನಬೊಮ್ಮ. ಅವನ ಮಗನಾದ ಲಿಂಗಮನಾಯಕನಿಂದ ಆ ಕೋಟೆಯನ್ನು ರಾಯನಿಗೆ ಗೆದ್ದುಕೊಟ್ಟವನು ವೆಲುಗೋಟಿ ಯಾಚಮನಾಯಕ. ತಾನು ಗೆದ್ದುಕೊಟ್ಟ ಕೋಟೆಯೇ ತನ್ನ ಒಡೆಯನ ಸೆರೆಮನೆಯಾಗುವುದೆಂದು ಯಾಚಮನು ಆಗ ಎಣಿಸಿರಲಾರನು.

ರಾಯನಿಗೆ ಔರಸಪುತ್ರರಿರಲಿಲ್ಲ. ರಾಣಿಯರಲ್ಲಿ ಒಬ್ಬಳು ಬ್ರಾಹ್ಮಣ ಸ್ತ್ರೀಯೊಬ್ಬಳ ಕೂಸನ್ನು ಗುಟ್ಟಾಗಿ ತರಿಸಿ, ತಾನೇ ಹೆತ್ತುದಾಗಿ ಸಾರಿದಳೆಂದು ಪೋರ್ತುಗೀಸ್ ಪಾದ್ರಿಯಾದ ಬರ್ರಾದಾಸನು ಕೊಚ್ಚಿಯಿಂದ ೧೬೧೬ನೆಯ ಡಿಸೆಂಬರ್ ೧೨ರಂದು ಬರೆದ ಕಾಗದದಲ್ಲಿ ತಿಳಿಸಿರುವನು. ಸೂಯೆಲ್ ಪಂಡಿತನು ೧೯೦೦ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆಯಲ್ಲಿ ಈ ಕಾಗದವು ಅಚ್ಚಾಗಿದೆ. ನಿಜಸ್ಥಿತಿಯನ್ನು ಅರಿತಿದ್ದರೂ ರಾಯನು ಮಾನಕ್ಕಂಜಿ ಸುಮ್ಮನಿದ್ದನು. ಅಂತ್ಯಕಾಲದಲ್ಲಿ ಮಾತ್ರ ಎಲ್ಲ ನಾಯಕರ ಮುಂದೆ ತನ್ನ ಅಣ್ಣನ ಮಗನಾದ ಶ್ರೀರಂಗ ಚಿಕ್ಕರಾಯನನ್ನು ಕರೆಯಿಸಿ ರಾಜಮುದ್ರೆಯ ಉಂಗುರವನ್ನು ಒಪ್ಪಿಸಿದನು. ೧೬೧೪ನೆಯ ಅಕ್ಟೋಬರ್ ತಿಂಗಳಿನಲ್ಲಿ ರಾಯನು ತೀರಿಕೊಂಡನು. ಒಂದು ಸುಳ್ಳನ್ನು ಹತ್ತಾರು ವರ್ಷ ಸಹಿಸಿ ಕಡೆಯ ಗಳಿಗೆಯಲ್ಲಿ ತಿದ್ದಹೊರಟರೆ ಅದು ತಿದ್ದುವಿಕೆಗೆ ಬಗ್ಗುವುದಿಲ್ಲ. ರಾಣಿಯ ಕಡೆಯವನಾದ ಗೊಬ್ಬೂರಿ ಜಗ್ಗರಾಯನು ಇಬ್ಬರು ಪ್ರಮುಖ ನಾಯಕರನ್ನು ಕೂಡಿಕೊಂಡು ಚಿಕ್ಕರಾಯನನ್ನು ಹೆಂಡಿರುಮಕ್ಕಳ ಸಹಿತ ವೇಲೂರು ಕೋಟೆಯಲ್ಲಿ ಸೆರೆಯಿಟ್ಟು, ಆ ಕೂಸಿಗೆ ಪಟ್ಟಗಟ್ಟಿದನು. ಮಿಕ್ಕ ನಾಯಕರು ಬಂದು ಕೈಮುಗಿದರು. ಯಾಚಮನೊಬ್ಬನು ಮಾತ್ರ ಬಾರದೆ ದೂರ ಉಳಿದನು.

ಇಲ್ಲಿ ಚರಿತ್ರೆಯು ಒಬ್ಬ ಸಾಮಾನ್ಯನ ಕಡೆಗೆ ತಿರುಗುವುದು. ಕೋಟೆಯೊಳಕ್ಕೆ ದಿನವೂ ಹೋಗಿಬರುತ್ತಿದ್ದ ಅಗಸನೊಬ್ಬನನ್ನು ಯಾಚಮನು ಒಲಿಸಿಕೊಂಡನು. ಅವನು ಚಿಕ್ಕರಾಯನ ಎರಡನೆಯ ಮಗನಾದ, ಸುಮಾರು ಹನ್ನೆರಡು ವರ್ಷದ ರಾಮನನ್ನು ಮೈಲಿಗೆ ಬಟ್ಟೆಯ ಗಂಟಿನಲ್ಲಿ ಅಡಗಿಸಿ, ಕಾವಲುಗಾರರ ಕಣ್ಣ ಮುಂದೆಯೇ ಹೊರಕ್ಕೆ ಸಾಗಿಸಿದನು. ಅಂದು ಆ ಗಂಟನ್ನು ಯಾರಾದರೂ ಬಿಚ್ಚಿ ನೋಡಿದ್ದರೆ ಅವನ ತಲೆ ಉಳಿಯುತ್ತಿರಲಿಲ್ಲ. ಚಿಕ್ಕರಾಯನನ್ನು ಬಿಡಿಸುವ ಪ್ರಯತ್ನಗಳಾದರೋ ಫಲಿಸಲಿಲ್ಲ. ಅವನೂ ಅವನೊಡನಿದ್ದ ಸಂಸಾರವೂ ಸೆರೆಯಲ್ಲಿಯೇ ಕೊಲೆಗೀಡಾದರು. ಈ ಪಾತಕದ ವಾರ್ತೆ ಹಬ್ಬಿದೊಡನೆ ಜಗ್ಗರಾಯನಿಗೆ ಕೈಮುಗಿದಿದ್ದವರಲ್ಲಿ ಅನೇಕರು ಹೇಸಿ ಯಾಚಮನನ್ನು ಕೂಡಿಕೊಂಡರು. ಅಂದಿನಿಂದ ಎರಡು ವರ್ಷಗಳ ಕಾಲ ನಾಡು ಎರಡಾಗಿ ಒಡೆದು ಕಾದಾಡಿತು.

ಒಡೆದ ಅಣೆ

ಕದನದಲ್ಲಿ ಸೋತ ಜಗ್ಗರಾಯನು ತೆಂಕಣಕ್ಕೆ ಸರಿದನು. ಮಧುರೆಯ ಮುತ್ತುವೀರಪ್ಪನಾಯಕನೂ ಸೆಂಜಿಯ ಕೃಷ್ಣಪ್ಪನಾಯಕನೂ ಅವನ ಪಕ್ಷವನ್ನು ಹಿಡಿದರು. ಈ ಇಬ್ಬರಿಗೂ ಪಟ್ಟದಲ್ಲಿ ಕೂಸು ಕುಳಿತರೇನು, ಕುಮಾರನು ಕುಳಿತರೇನು! ಪೆನುಗೊಂಡೆ-ವೇಲೂರಿಗೆ ಕಪ್ಪವನ್ನು ಕಟ್ಟುವ ಕಾಟವು ತಪ್ಪಿದರೆ ಸಾಕಾಗಿತ್ತು. ತಂಜಾವೂರಿನ ರಘುನಾಥನಾಯಕನೊಬ್ಬನು ರಾಯವಂಶಕ್ಕೆ ನಿಷ್ಠನಾಗಿ ನಿಂತು, ರಾಮನನ್ನು ಕರೆದುಕೊಂಡು ಬಂದ ಯಾಚಮನಿಗೆ ಆಶ್ರಯವನ್ನು ಕೊಟ್ಟನು. ರಘುನಾಥನ ಆಸ್ಥಾನದಲ್ಲಿ ಮಂತ್ರಿಯಾಗಿದ್ದ ಗೋವಿಂದದೀಕ್ಷಿತನು ಹೊಯ್ಸಳ ಕರ್ಣಾಟಕ ಪಂಗಡದ ಬ್ರಾಹ್ಮಣನೆಂಬುದು ಕನ್ನಡಿಗರಿಗೆ ಸಂತೋಷದ ವಿಷಯ. ಅವನ ಮಗನಾದ ಯಜ್ಞನಾರಾಯಣದೀಕ್ಷಿತನ ಸಾಹಿತ್ಯರತ್ನಾಕರವೂ, ಅದೇ ಆಸ್ಥಾನದ ಕವಯಿತ್ರಿಯಾದ ರಾಮಭದ್ರಾಂಬೆಯ ರಘುನಾಥಾಭ್ಯುದಯವೂ ಈ ಯುದ್ಧದ ವೃತ್ತಾಂತಕ್ಕೆ ಮುಖ್ಯ ಆಧಾರಗಳಾಗಿವೆ. ಕೃಷ್ಣಸ್ವಾಮಿ ಅಯ್ಯಂಗಾರ್ಯರು ೧೯೧೯ರಲ್ಲಿ ಹೊರಡಿಸಿದ ವಿಜಯನಗರದ ಚರಿತ್ರಾಧಾರಗಳ ಸಂಗ್ರಹದಲ್ಲಿ ಈ ಕಾವ್ಯಗಳ ಭಾಗಗಳು ಸೇರಿವೆ. ಆಸ್ಥಾನಕವಿಗಳು ತಮ್ಮ ದೊರೆಯನ್ನು ಹೊಗಳುವುದು ಸ್ವಾಭಾವಿಕ. ಆದಕಾರಣ ಅವರ ಮಾತನ್ನು ಪರದೇಶದ ಪಾದ್ರಿಯ ಮಾತಿನೊಡನೆ ತೂಗಿ ನೋಡಬೇಕು. ಹಾಗೆ ತೂಗಿದಾಗ ಮುಖ್ಯಾಂಶಗಳಲ್ಲಿ ಅವು ಪರಸ್ಪರ ಹೊಂದುವುವು.

ಈ ಕಾವ್ಯಗಳು ಹೇಳುವ ಸಂಗತಿಗಳಲ್ಲಿ ಎಲ್ಲಕ್ಕಿಂತಲೂ ದಾರುಣವಾದುದು ಒಂದುಂಟು. ರಘುನಾಥನ ಬಲವನ್ನು ಕುಂದಿಸಲೆಂದು ಜಗ್ಗರಾಯನ ಪಕ್ಷದವರು ಕಾವೇರಿಯ ಅಣೆಯನ್ನು ಒಡೆದರು. ಕೋಟೆಯನ್ನು ಒಡೆಯುವುದು ಯುದ್ಧಧರ್ಮ. ಅಣೆಯನ್ನು ಒಡೆಯುವುದು ಅಧರ್ಮ. ಕೋಟೆಯೊಳಗೆ ಶಸ್ತ್ರಧಾರಿಗಳಿರುವರು, ಅಣೆಯ ಕೆಳಗೆ ಇರುವವರು ಉಳುವವರು. ಬರ್ರಾದಾಸನ ಕಾಗದದ ಕಾಲಕ್ಕೆ, ಎಂದರೆ ಡಿಸೆಂಬರ್ ತಿಂಗಳಿನಲ್ಲಿ, ತಂಜಾವೂರು ಸೀಮೆಯ ಸಾಂಬಾ ಬತ್ತವು ಸುಗ್ಗಿಗಿಂತ ಮೊದಲಿನ ಸ್ಥಿತಿಯಲ್ಲಿರುವುದು. ಅಂತಹ ಕಾಲದ ಆಸುಪಾಸಿನಲ್ಲಿ ನೀರು ದಾರಿತಪ್ಪಿದರೆ ಒಕ್ಕಲಿಗನ ಪಾಡೇನೆಂಬುದನ್ನು ಕನ್ನಡನಾಡಿನ ಕೆರೆಬಯಲಿನ ಜನರಿಗೆ ವಿವರಿಸಬೇಕಾಗಿಲ್ಲ.

ಪಾಳೆಯ

ಇಂತು ೧೬೧೬ನೆಯ ಇಸವಿಯ ಕೊನೆಯ ವೇಳೆಗೆ ಎರಡು ಪಕ್ಷಗಳ ದಂಡೂ ತಿರುಚಿರಾಪಳ್ಳಿಯ ಬಯಲಿನಲ್ಲಿ ಬಂದು ಇಳಿದುವು. ಪ್ರತಿಯೊಂದು ಪಕ್ಷಕ್ಕೂ ಸೇರಿದ ಲಕ್ಷ ಮಂದಿಯಲ್ಲದೆ ಒಟ್ಟು ಹತ್ತು ಲಕ್ಷ ಸೈನಿಕರವರೆಗೆ ಅಲ್ಲಿ ನೆರೆದಿರುವರೆಂದು ಬರ್ರಾದಾಸನು ಬರೆದಿದ್ದಾನೆ. ಈ ಎಣಿಕೆಯನ್ನು ಅಕ್ಷರಶಃ ನಂಬಲಾಗದು. ಪಾದ್ರಿಯು ಕೊಚ್ಚಿಯಲ್ಲಿದ್ದನು, ಬಂದ ಸುದ್ದಿಯನ್ನು ಬರೆದನು. ಆದರೂ ಅಂದಿನ ದಂಡೆಂದರೆ ಬರಿಯ ಕತ್ತಿ ಹಿಡಿದವರ ಗುಂಪಲ್ಲವೆಂಬುದನ್ನು ನೆನೆದರೆ ಅಂತಹ ಮಾತು ಹುಟ್ಟಿದ ಕಾರಣವು ತಿಳಿಯುವುದು.

ನಮ್ಮ ಪ್ರಾಚೀನರು ದಂಡಿನ ಬೀಡನ್ನು ಸ್ಕಂಧಾವಾರವೆಂದು ಕರೆದು ಅದಕ್ಕೊಂದು ಶಾಸ್ತ್ರವನ್ನೇ ರಚಿಸಿದ್ದರು. ಮೈಸೂರಿನ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣವು ಈ ವಿಷಯದಿಂದಲೇ ಮೊದಲಾಗುವುದು. ನಾಯಕ, ಬಡಗಿ, ಜೋಯಿಸ ಇವರು ಕೂಡಿ ನೆಲವನ್ನು ಗೊತ್ತುಮಾಡಬೇಕು. ನೆಲಕ್ಕೆ ತಕ್ಕಂತೆ ಬೀಡು ದುಂಡಾಗಿಯೋ ನೀಳವಾಗಿಯೋ ಚೌಕವಾಗಿಯೋ ಇರಬೇಕು. ನಾಲ್ಕು ಬಾಗಿಲು, ಆರು ಹಾದಿ, ಒಂಬತ್ತು ವಿಭಾಗಗಳಿರಬೇಕು. ಹೆಚ್ಚು ದಿನ ನಿಲ್ಲಬೇಕಾದರೆ ಅಗಳು ಕೋಟೆಗಳನ್ನು ಮಾಡಿಕೊಳ್ಳಬೇಕು. ಅಷ್ಟೇ ಅಲ್ಲದೆ ಬೀಡಿನೊಳಗೆ ಜಗಳ, ಮದ್ಯ, ಕೂಟ, ಜೂಜು ಇವುಗಳನ್ನು ನಿಲ್ಲಿಸಬೇಕೆಂದೂ, ಮುದ್ರೆಯಿಲ್ಲದೆ ಯಾರನ್ನೂ ಹೋಗಿಬರಗೊಡಬಾರದೆಂದೂ ಕೌಟಿಲ್ಯನು ವಿಧಿಸಿರುವನು.

ವಿಜಯನಗರದವರ ಬೀಡು ಹೇಗಿರುತ್ತಿತ್ತೆಂಬುದನ್ನು ಪೋರ್ತುಗೀಸನಾದ ನೂನಿಜನು ೧೫೨೦ರ ರಾಯಚೂರು ಯುದ್ಧದ ಸಂದರ್ಭದಲ್ಲಿ ವರ್ಣಿಸಿದ್ದಾನೆ. ಕೃಷ್ಣರಾಯನ ಗುಡಾರದ ಸುತ್ತಲೂ ಮುಳ್ಳಿನ ಬೇಲಿ, ಅದಕ್ಕೆ ಒಂದೇ ಬಾಗಿಲು. ಬೀಡಿನ ತುಂಬ ಬೀದಿಗಳು. ಒಬ್ಬೊಬ್ಬ ನಾಯಕನ ವಿಭಾಗಕ್ಕೂ ಅದರದರ ಸಂತೆಪೇಟೆ. ರತ್ನಪಡಿ ವ್ಯಾಪಾರಿಗಳೂ ಕಸುಬುದಾರರೂ ಅಲ್ಲಿಯೇ. ನೀರಿಲ್ಲದ ದಾರಿಯಲ್ಲಿ ದಂಡಿಗೆ ನೀರುಣಿಸಲು ತೊಗಲಚೀಲಗಳನ್ನು ಹೊತ್ತ ಸಾವಿರಾರು ಮಂದಿ. ಲೆಕ್ಕವಿಲ್ಲದಷ್ಟು ಅಗಸರು ತಮ್ಮ ಕೆಲಸಕ್ಕೆ ಅನುಕೂಲವಾದ ನೀರಿನ ಬಳಿ ಬೇರೆಯಾಗಿ ಇಳಿದಿದ್ದರೆಂದೂ ಅವನು ಮರೆಯದೆ ಹೇಳಿರುವನು. ಕಾದುವವನೊಬ್ಬನ ಹಿಂದೆ ಬೇಯಿಸುವವನು, ತೊಳೆಯುವವನು, ಹುಲ್ಲು ತರುವವನು, ಎತ್ತು ಹೂಡುವವನು, ಮಾರುವವನು ಇಂತು ಎಷ್ಟೋ ಮಂದಿ ಇದ್ದರು. ತೊಪ್ಪೂರಿನ ಬಯಲಿನಲ್ಲಿಯೂ ಇಂತಹದೇ ಒಂದು ಸಂಚಾರಿ ಪಟ್ಟಣವು, ಅದೂ ಒಂದಕ್ಕೆ ಎರಡಾಗಿ, ತಲೆಯೆತ್ತಿದ್ದಿತೆಂದು ಊಹಿಸುವುದು ಯುಕ್ತವಾಗಿದೆ.

ಆದರೆ ರಾಯಚೂರಿನ ಬೀಡಿಗೂ ತೊಪ್ಪೂರಿನ ಬೀಡಿಗೂ ಒಂದು ದೊಡ್ಡ ಅಂತರವಿತ್ತು. ರಾಯಚೂರಿನಲ್ಲಿ ನಾಯಕರೆಲ್ಲರೂ ಒಬ್ಬ ರಾಯನ ಗುಡಾರದ ಸುತ್ತ ಇಳಿದಿದ್ದರು. ತೊಪ್ಪೂರಿನಲ್ಲಿ ಒಂದು ಪಕ್ಷದ ರಾಯನು ಕೊಂಡುತಂದ ಕೂಸು. ಇನ್ನೊಂದು ಪಕ್ಷದ ರಾಯನು ಬಟ್ಟೆಯ ಗಂಟಿನಲ್ಲಿ ಬದುಕಿಬಂದ ಬಾಲಕ. ಇಬ್ಬರಲ್ಲಿ ಯಾರೂ ಈ ಯುದ್ಧವನ್ನು ಬೇಡಿದವರಲ್ಲ. ಎದುರುಬದುರಾಗಿ ಉರಿಯುತ್ತಿದ್ದ ಒಲೆಗಳ ಬಳಿ ಒಂದೇ ಭಾಷೆಗಳನ್ನಾಡುವ, ಒಂದೇ ದೇವರುಗಳಿಗೆ ಹರಕೆ ಹೊರುವ, ಒಂದೇ ವರಾಹಮುದ್ರೆಯ ಕೆಳಗೆ ಬೆಳೆದ ಜನರು ಕುಳಿತಿದ್ದರು. ಕೌಟಿಲ್ಯನು ಬೀಡಿನೊಳಗೆ ಕಲಹವನ್ನು ನಿಷೇಧಿಸಿದನು. ಬೀಡಿಗೆ ಕಲಹವೇ ಕಾರಣವಾದಾಗ ಯಾವ ಶಾಸ್ತ್ರವು ಏನನ್ನು ಮಾಡೀತು?

ಜಯ ಮತ್ತು ಅದರ ಫಲ

ಸ್ವಲ್ಪ ಕಾಲದಲ್ಲಿಯೇ ಯುದ್ಧವು ನಡೆದು ಜಗ್ಗರಾಯನು ರಣದಲ್ಲಿ ಬಿದ್ದನು. ಅವನ ಕಡೆಯ ದಂಡು ದಿಕ್ಕೆಟ್ಟು ಚೆದರಿತು. ಸೆಂಜಿಯ ಕೃಷ್ಣಪ್ಪನು ಓಡಿಹೋದನು. ರಘುನಾಥನು ರಾಮನನ್ನು ಕುಂಭಕೋಣಕ್ಕೆ ಕರೆದೊಯ್ದು ಸಾಮ್ರಾಜ್ಯಪಟ್ಟವನ್ನು ಕಟ್ಟಿಸಿದನು. ಕುಂಭಕೋಣದಲ್ಲಿ ರಘುನಾಥನು ಕಟ್ಟಿಸಿದ ರಾಮಸ್ವಾಮಿಯ ಗುಡಿಯಲ್ಲಿರುವುದೂ ಪಟ್ಟಾಭಿರಾಮನ ಮೂರ್ತಿಯೇ. ನ್ಯಾಯವಾದ ಪಕ್ಷವು ಗೆದ್ದಿತು. ಯಾಚಮನ ಸ್ವಾಮಿಭಕ್ತಿಯೂ ರಘುನಾಥನ ನಿಷ್ಠೆಯೂ ಸಾರ್ಥಕವಾದುವು. ಕಾವ್ಯಗಳು ಇಲ್ಲಿಗೆ ಮಂಗಳವನ್ನು ಹಾಡುವುವು. ಚರಿತ್ರೆಗೆ ಆ ಭಾಗ್ಯವಿಲ್ಲ.

ಜಗ್ಗರಾಯನ ತಮ್ಮನಾದ ಯತಿರಾಜನು ಮತ್ತೆ ಹೋರಾಟಕ್ಕೆ ನಿಂತನು. ಕೊನೆಗೆ ರಾಮದೇವರಾಯನು ಆ ಯತಿರಾಜನ ಮಗಳನ್ನೇ ಮದುವೆಯಾಗಿ ವೈರವನ್ನು ಮುಗಿಸಬೇಕಾಯಿತು. ತಂದೆಯನ್ನು ಕೊಂದವರ ಮನೆಗೆ ಅಳಿಯನಾಗಿ ಹೋಗುವುದೇ ಶಾಂತಿಯ ಮಾರ್ಗವಾಗಿದ್ದರೆ, ನಡುವೆ ಸತ್ತವರೆಲ್ಲರೂ ಯಾತಕ್ಕಾಗಿ ಸತ್ತರು? ಇತ್ತ ಒಳಜಗಳದಿಂದ ಬಲಗುಂದಿದ ರಾಜ್ಯದಿಂದ ೧೬೨೪ರಲ್ಲಿ ಬಿಜಾಪುರದವರು ಕರ್ನೂಲನ್ನು ಕಿತ್ತುಕೊಂಡರು. ೧೬೩೯ರಲ್ಲಿ ಕಡಲತೀರದ ಒಂದು ತುಂಡು ನೆಲವನ್ನು ಸ್ಥಳದ ನಾಯಕನು ಇಂಗ್ಲಿಷ್ ವರ್ತಕರಿಗೆ ಬಿಟ್ಟುಕೊಟ್ಟನು. ಅದೇ ಚೆನ್ನಪಟ್ಟಣವಾಗಿ ಬೆಳೆಯಿತು. ತೊಪ್ಪೂರಿನಲ್ಲಿ ಬೀಡುಬಿಟ್ಟಿದ್ದ ನಾಯಕ ಸಂಸ್ಥಾನಗಳ ಗತಿಯೇನಾಯಿತು? ಸೆಂಜಿಯು ೧೬೪೯ರಲ್ಲಿ ಬಿಜಾಪುರದವರ ವಶವಾಯಿತು. ತಂಜಾವೂರಿನ ನಾಯಕವಂಶವನ್ನು ೧೬೭೩ರಲ್ಲಿ ಮಧುರೆಯ ನಾಯಕನೇ ಅಳಿಸಿದನು. ಮಧುರೆಯ ನಾಯಕರ ಆಳಿಕೆಯು ೧೭೩೬ರಲ್ಲಿ ಕೊನೆಗಂಡಿತು. ಗೆದ್ದವರೂ ಉಳಿಯಲಿಲ್ಲ, ಸೋತವರೂ ಉಳಿಯಲಿಲ್ಲ.

ಸಾಮ್ರಾಟನೆಂಬ ಹೆಸರನ್ನು ಹೊತ್ತ ಕಡೆಯವನಾದ ಮೂರನೆಯ ಶ್ರೀರಂಗರಾಯನು ವೇಲೂರನ್ನೂ ಕಳೆದುಕೊಂಡು, ನೆಲೆಯಿಲ್ಲದೆ ಅಲೆದು, ತೆಂಕಣ ನಾಯಕರಿಂದ ಬೆಂಬಲವನ್ನು ಕಾಣದೆ, ಕೊನೆಗೆ ಕೆಳದಿಯ ಶಿವಪ್ಪನಾಯಕನ ಬಳಿಗೆ ಬಂದನು. ವೀರಶೈವ ಮತಸ್ಥನಾದ ಆ ಅರಸನು ಕುಲವನ್ನೂ ಮತವನ್ನೂ ಎಣಿಸದೆ, ತನ್ನ ಹಿರಿಯರು ಉಂಡ ಉಪ್ಪನ್ನು ನೆನೆದು, ಶ್ರೀರಂಗನನ್ನು ಬೇಲೂರಿನಲ್ಲಿ ನೆಲೆಗೊಳಿಸಿ, ಅವನ ಪರವಾಗಿ ಶ್ರೀರಂಗಪಟ್ಟಣವನ್ನು ಮುತ್ತಿದನು. ಲಿಂಗಣ್ಣಕವಿಯ ಕೆಳದಿನೃಪವಿಜಯದಲ್ಲಿ ಕೆಳದಿಯವರ ಈ ಕೀರ್ತಿಯು ಸೇರಿದೆ. ಸಾಮ್ರಾಜ್ಯವು ಹೋದ ಮೇಲೂ ವಿಶ್ವಾಸವು ಒಂದು ಮನೆಯಲ್ಲಿ ಉಳಿದಿದ್ದಿತೆಂಬುದಕ್ಕೆ ಇದು ಸಾಕ್ಷಿ.

ಮತ್ತೊಮ್ಮೆ ಅದೇ ಸೀಮೆ

ತಿರುಚಿರಾಪಳ್ಳಿಯ ಸೀಮೆಗೆ ದಂಡಿನ ಋಣವು ಅಲ್ಲಿಗೆ ತೀರಲಿಲ್ಲ. ಆರ್ಕಾಟಿನ ನವಾಬಗಿರಿಗಾಗಿ ಮಹಮ್ಮದಾಲಿಯೂ ಚಂದಾಸಾಹೇಬನೂ ಹೋರಾಡಿದಾಗ, ತಿರುಚಿರಾಪಳ್ಳಿಯನ್ನು ಬಿಟ್ಟುಕೊಡುವೆನೆಂಬ ಮಹಮ್ಮದಾಲಿಯ ಭಾಷೆಯನ್ನು ನಂಬಿ ಮೈಸೂರಿನ ಸರ್ವಾಧಿಕಾರಿಯಾದ ಕರಾಚೂರಿ ನಂಜರಾಜಯ್ಯನು ೧೭೫೨ರಲ್ಲಿ ಅಲ್ಲಿಗೆ ದಂಡೆತ್ತಿಹೋದನು. ಆ ವರ್ಷವೇ ಚಂದಾಸಾಹೇಬನು ಹತನಾದನು. ಭಾಷೆಯು ಮಾತ್ರ ಸಲ್ಲಲಿಲ್ಲ. ಕನ್ನಡದ ದಂಡು ಶ್ರೀರಂಗದ್ವೀಪದ ಸುತ್ತಮುತ್ತ ೧೭೫೫ರವರೆಗೂ ಬೀಡುಬಿಟ್ಟಿದ್ದು, ಬೊಕ್ಕಸವನ್ನು ಬರಿದುಮಾಡಿ, ಬರಿಗೈಯಲ್ಲಿ ಹಿಂದಿರುಗಿತು. ಶಿವಭಕ್ತನೂ ಕನ್ನಡ ಗ್ರಂಥಕರ್ತನೂ ಆದ ನಂಜರಾಜಯ್ಯನಂತಹವನೂ ಪರರ ದಾಯಾದಿ ಕಲಹದಲ್ಲಿ ಕೈಯಿಟ್ಟು ಸುಟ್ಟುಕೊಂಡನು. ಆ ದಂಡಿನಲ್ಲಿದ್ದ ಹೈದರಾಲಿಯು ಅಲ್ಲಿ ಯುದ್ಧವಿದ್ಯೆಯಲ್ಲಿ ಪಳಗಿ, ಮುಂದೆ ಮೈಸೂರಿನ ಅಧಿಕಾರವನ್ನೇ ಕೈಗೆ ತೆಗೆದುಕೊಂಡನು.

ಉಪಸಂಹಾರ

ರಕ್ಕಸಗಿ-ತಂಗಡಗಿಯಲ್ಲಿ ಸೋತ ರಾಜ್ಯವು ವೆಂಕಟಪತಿರಾಯನ ಕಾಲದಲ್ಲಿ ಮತ್ತೆ ಚೇತರಿಸಿಕೊಂಡಿತು. ತೊಪ್ಪೂರಿನಲ್ಲಿ ಗೆದ್ದ ರಾಜ್ಯವು ಮರಳಿ ಚೇತರಿಸಿಕೊಳ್ಳಲಿಲ್ಲ. ಹೊರಗಣ ಪೆಟ್ಟು ಕೋಟೆಯನ್ನು ಕೆಡವುವುದು, ಒಳಗಣ ಪೆಟ್ಟು ನಂಬಿಕೆಯನ್ನು ಕೆಡವುವುದು. ಕೋಟೆಯನ್ನು ಒಡ್ಡರೂ ಕಲ್ಲುಕುಟಿಕರೂ ಮತ್ತೆ ಕಟ್ಟಬಲ್ಲರು. ನಂಬಿಕೆಯನ್ನು ಕಟ್ಟುವ ಕುಶಲಕರ್ಮಿಯು ಎಲ್ಲಿಂದ ಬರಬೇಕು? ಕಲ್ಲಣೆಯು ಇಂದಿಗೂ ನೀರನ್ನು ತಡೆದು ಕೊಡುತ್ತಿರುವುದು. ಅಂದಿನ ನಾಯಕರಲ್ಲಿ ಒಬ್ಬನ ಸಿಂಹಾಸನವೂ ಉಳಿದಿಲ್ಲ. ಅಣೆಯನ್ನು ಕಟ್ಟಿದವನ ಹೆಸರನ್ನು ಜನರು ಪೂಜ್ಯಭಾವದಿಂದ ಹೇಳುವರು; ಒಡೆದವನ ಹೆಸರನ್ನು ಪಂಡಿತರು ಮಾತ್ರ ಹುಡುಕಿ ಓದುವರು.

ಈ ವೃತ್ತಾಂತದಲ್ಲಿ ರಾಯರೂ ನಾಯಕರೂ ರಾಣಿಯರೂ ಹೆಸರಿನಿಂದ ಕಾಣಿಸಿಕೊಳ್ಳುವರು. ರಾಜವಂಶದ ಕುಡಿಯನ್ನು ಬದುಕಿಸಿದ ಅಗಸನ ಹೆಸರನ್ನು ಬರ್ರಾದಾಸನು ಬರೆದಿಲ್ಲ. ಕಲ್ಯಾಣದ ವಿಪ್ಲವಕಾಲದಲ್ಲಿ ಶರಣಸಮೂಹವು ಉಳವಿಯ ಹಾದಿಯನ್ನು ಹಿಡಿದಾಗ, ಬೆನ್ನಟ್ಟಿ ಬಂದ ದಂಡಿಗೆ ಅಡ್ಡನಿಂತು ವಚನಗಳ ಕಟ್ಟುಗಳನ್ನು ಕಾಪಾಡಿದವರು ಮಡಿವಾಳ ಮಾಚಿದೇವರೆಂದು ನಮ್ಮ ಪರಂಪರೆಯು ಹೇಳುವುದು. ಶರಣರು ಕಾಯಕದಿಂದ ಮನುಷ್ಯನನ್ನು ಅಳೆದರು. ಆದುದರಿಂದ ಆ ಮಡಿವಾಳರ ಹೆಸರು ನಮಗೆ ನಿತ್ಯಸ್ಮರಣೀಯವಾಗಿ ಉಳಿಯಿತು. ವೇಲೂರಿನ ಅಗಸನೂ ಅದೇ ಕಾಯಕದವನು. ಅವನೂ ಒಂದು ಗಂಟನ್ನು ಹೊತ್ತು ಕಾವಲನ್ನು ದಾಟಿದವನು. ಕಾವೇರಿಯ ದಡವನ್ನು ಹಿಡಿದು ಕಲ್ಲಣೆಯ ಕಡೆಗೆ ಹೋಗುವ ಯಾತ್ರಿಕರು ಆ ಬಯಲಿನ ಬಳಿ ಒಂದು ಕ್ಷಣ ನಿಂತು, ಹೆಸರಿಲ್ಲದ ಆ ಸತ್ಪುರುಷನನ್ನೂ, ನೀರು ತಪ್ಪಿದ ಗದ್ದೆಗಳ ಒಕ್ಕಲುಮಕ್ಕಳನ್ನೂ ನೆನೆದರೆ ಯಾತ್ರೆಯ ಫಲವು ಹೆಚ್ಚೇ ಆದೀತು. ಮನೆಯೊಳಗಣ ಕಿಚ್ಚು ಯಾವ ನಾಡನ್ನೂ ಸುಡದಿರಲಿ. ಸರ್ವರಿಗೂ ಶಿವನು ಸನ್ಮತಿಯನ್ನು ಕರುಣಿಸಲಿ.

ಶಿವಮಸ್ತು.